ಎಡಗೈ ಕತ್ತರಿಯೂ ಗುಬ್ಬಿಯ ಬಲದವಡೆಯೂ

ಮಕ್ಕಳು ಊಟಕ್ಕೆ ಕೂತರೆ ಏಳುವುದೇ ಇಲ್ಲ ಎಂಬ ದೂರು ನಿಮ್ಮ ಮನೆಯಲ್ಲೂ ಇರಬಹುದು. ತಟ್ಟೆ ಒಣಗುತ್ತದೆ, ಕೂಗಿ ಕೂಗಿ ತಾಯಿಯ ಗಂಟಲೂ ಒಣಗುತ್ತದೆ, ಮಗು ಮಾತ್ರ ಅದೇ ತುತ್ತನ್ನು ಕೆನ್ನೆಯೊಳಗೆ ಇಟ್ಟುಕೊಂಡು ಗೋಡೆ ನೋಡುತ್ತಿರುತ್ತದೆ. ನಮ್ಮ ಬೀದಿಯ ಟೈಲರ್ ಮನೆಯಲ್ಲೂ ಇದೇ ದೂರು. ಆದರೆ ಅಲ್ಲಿ ಆ ದೂರು ಒಂದು ದಿನ ಇದ್ದಕ್ಕಿದ್ದಂತೆ ಹಿಗ್ಗಿಗೆ ತಿರುಗಿತು. ಆ ಹಿಗ್ಗಿನಿಂದ ಏನು ಎಡವಟ್ಟಾಯಿತು ಎನ್ನುವುದೇ ಈ ಕಥೆ.

ಟೈಲರನ ಅಂಗಡಿ ಮುಂದೆ, ಮನೆ ಹಿಂದೆ. ನಡುವೆ ಒಂದು ಪರದೆ. ಅವನನ್ನು ಎಲ್ಲರೂ ಎಡಚ ಟೈಲರ್ ಎಂದೇ ಕರೆಯುತ್ತಾರೆ. ಹಾಗೆ ಕರೆದರೆ ಅವನಿಗೆ ಬೇಜಾರಿಲ್ಲ, ಒಳಗೊಳಗೇ ಜಂಬ. ಕತ್ತರಿಸುವ ಮೇಜಿನ ಎಡತುದಿ ಅವನದು. ಬೇರೆ ಕಡೆ ನಿಂತರೆ ಅವನ ಎಡಮೊಣಕೈಗೂ ಪಕ್ಕದವರ ಬಲಮೊಣಕೈಗೂ ಜಗಳ ಶುರು. ಇಸ್ತ್ರಿ ಮಾಡುವವನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಈ ಜಗಳದಲ್ಲೇ ಒಬ್ಬರ ಹೊಸ ಷರಟನ್ನು ಸುಟ್ಟಿದ್ದ.

ಮೇಜಿನ ಪಕ್ಕದ ಮೊಳೆಯಲ್ಲಿ ಒಂದು ದೊಡ್ಡ ಕತ್ತರಿ ತೂಗುತ್ತದೆ. ಅದು ಟೈಲರನ ಅಪ್ಪನದು. ಆ ಅಪ್ಪನೂ ಟೈಲರ್, ಅವನೂ ಎಡಚ. ಕಮ್ಮಾರನ ಮುಂದೆ ಕೂತು, ಅಲಗುಗಳನ್ನು ಅದಲುಬದಲು ಮಾಡಿಸಿ, ಎಡಗೈಗೆಂದೇ ಮಾಡಿಸಿಕೊಂಡ ಕತ್ತರಿ. ಬಲಗೈಯವರು ಅದನ್ನು ಹಿಡಿದರೆ ಬಟ್ಟೆ ತುಂಡಾಗುವುದಿಲ್ಲ, ಎರಡು ಅಲಗುಗಳ ನಡುವೆ ಮಡಚಿಕೊಂಡು ಕೂರುತ್ತದೆ. ಟೈಲರನಿಗೆ ಇದ್ದದ್ದು ಒಂದೇ ಚಿಂತೆ. ತನ್ನ ನಂತರ ಈ ಕತ್ತರಿ ಹಿಡಿಯುವವರು ಯಾರು? ಇರುವವಳು ಒಬ್ಬಳೇ ಮಗಳು. ಸಣ್ಣಗೆ, ಚುರುಕಾಗಿ ಇದ್ದಾಳೆಂದು ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತಾರೆ. ಏಳು ವರ್ಷದ ಹುಡುಗಿ. ಬರೆಯುವುದು, ಎಸೆಯುವುದು, ಬಾಚುವುದು, ಎಲ್ಲ ಬಲಗೈಯಲ್ಲೇ.

ಹೀಗಿರುವಾಗ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದರು.

"ಎಷ್ಟು ಹೊತ್ತೇ ಗುಬ್ಬಿ, ಅಗಿದು ನುಂಗು," ಎಂದಳು ಟೈಲರನ ಹೆಂಡತಿ. "ಮೊದಲು ಹೀಗಿರಲಿಲ್ಲ ಇವಳು. ಈಗ ಒಂದು ತುತ್ತಿಗೆ ಒಂದು ಯುಗ."

ಟೈಲರ್ ಮಗಳ ಕಡೆ ತಿರುಗಿದ. ತಿರುಗಿದವನು ಹಾಗೇ ನೋಡುತ್ತ ಕೂತ.

"ಏ, ತಡಿ ತಡಿ. ಅಗಿ ನೋಡೋಣ. ಇನ್ನೊಂದ್ಸಲ. ನೋಡೇ, ನೋಡಮ್ಮ! ಇವಳು ಎಡಗಡೆ ಅಗೀತಿದಾಳೆ!"

"ಯಾವ ಕಡೆ ಅಗಿದ್ರೇನು, ನುಂಗಿದ್ರೆ ಸಾಕಾಗಿದೆ ನಂಗೆ," ಎಂದಳು ಹೆಂಡತಿ.

"ನಿಂಗೆ ಗೊತ್ತಾಗಲ್ಲ ಬಿಡು. ನಾನೂ ಎಡಗಡೆಯೇ ಅಗಿಯೋದು. ನೂಲು ಕಚ್ಚೋದೂ ಎಡಗಡೆಯೇ. ಕೈ ಯಾವ ಕಡೆಯೋ ಬಾಯೀನೂ ಆ ಕಡೆ. ಇವಳೊಳಗೆ ಎಡಚಿ ಇದಾಳೆ, ಈಗ ಹೊರಗೆ ಬರ್ತಿದಾಳೆ ಅಷ್ಟೆ!"

ಟೈಲರನ ತಾಯಿ, ಅಂದರೆ ಗುಬ್ಬಿಯ ಅಜ್ಜಿ, ಕೂಡಲೇ ತಲೆಯಾಡಿಸಿದಳು. "ಹೌದಪ್ಪ ಹೌದು. ನಿಮ್ಮಪ್ಪನೂ ಎಡಗಡೆಯೇ ಅಗೀತಿದ್ರು. ರಕ್ತ ಎಲ್ಲಿಗೆ ಹೋಗತ್ತೆ?"

ಟೈಲರನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೈ ತೊಳೆದವನೇ ಮೊಳೆಯಿಂದ ಕತ್ತರಿ ಇಳಿಸಿ, ಒರೆಸಿ, ಮಗಳ ಮುಂದೆ ಇಟ್ಟ. ತನ್ನ ಪಕ್ಕದಲ್ಲಿ ಅವಳಿಗೊಂದು ಸ್ಟೂಲು ಹಾಕಿದ.

ಆ ಸ್ಟೂಲಿನ ಬಗ್ಗೆ ಎರಡು ಮಾತು ಹೇಳಬೇಕು. ಅಲ್ಲಿಯವರೆಗೆ ಗುಬ್ಬಿ ಅಂಗಡಿಗೆ ಬಂದರೆ "ಆಚೆ ಹೋಗು, ಸೂಜಿ ಇದೆ", "ಆಚೆ ಹೋಗು, ಇಸ್ತ್ರಿ ಬಿಸಿ ಇದೆ" ಎಂಬ ಮಾತೇ. ಪರದೆಯ ಅಂಚು ಹಿಡಿದು ಇಣುಕುವುದಷ್ಟೇ ಅವಳ ಪಾಲಿಗೆ. ಈಗ ಅಪ್ಪನ ಪಕ್ಕದಲ್ಲಿ ಸ್ಟೂಲು, ಕೊರಳಿಗೆ ಅಳತೆ ಟೇಪು, ಬಂದ ಗಿರಾಕಿಗಳಿಗೆಲ್ಲ ಅಪ್ಪನ ಪರಿಚಯ: "ನಮ್ಮ ಮಗಳು. ನನ್ನ ಹಾಗೇ ಎಡಚಿ." ಯಾವ ಮಗು ತಾನೇ ಇದನ್ನು ಬಿಟ್ಟುಕೊಡುತ್ತದೆ?

ಗುಬ್ಬಿ ಎಡಗೈಯಲ್ಲಿ ಕತ್ತರಿ ಹಿಡಿದಳು. ಚಿಂದಿ ಬಟ್ಟೆ ಅಂಕುಡೊಂಕಾಗಿ ಹರಿಯಿತು, ಹೆಬ್ಬೆರಳು ಕೆಂಪಾಯಿತು. "ಶುರುವಿನಲ್ಲಿ ಹಾಗೇ," ಎಂದ ಅಪ್ಪ. ಬರೆಯುವುದನ್ನೂ ಎಡಗೈಗೆ ಬದಲಾಯಿಸಿದ. ಅಕ್ಷರಗಳು ಒಂದರ ಮೇಲೊಂದು ಬಿದ್ದವು. ಶಾಲೆಯ ಟೀಚರ್ ತಾಯಿಯನ್ನು ಕರೆಸಿ, "ಚೆನ್ನಾಗಿ ಬರೀತಿದ್ದ ಮಗು, ಏನಾಯ್ತು?" ಎಂದು ಕೇಳಿದರು.

ತಾಯಿ ಮನೆಗೆ ಬಂದು ಗಂಡನ ಮೇಲೆ ರೇಗಿದಳು. "ಹಿಂದಿನವರು ಎಡಗೈ ಮಕ್ಕಳಿಗೆ ಹೊಡೆದು ಬಲಗೈ ಮಾಡ್ತಿದ್ರು ಅಂತ ನೀವೇ ಬೈತಿದ್ರಿ. ಈಗ ನೀವು ಮಾಡ್ತಿರೋದೇನು?"

"ನಾನು ಹೊಡೀತಿದೀನಾ? ಮುದ್ದು ಮಾಡ್ತಿದೀನಿ."

"ಇಷ್ಟು ವರ್ಷ ಬಲಗೈಯೋಳು, ಊಟದ ಮಧ್ಯೆ ಎಡಚಿ ಆಗಿಬಿಟ್ಲಾ?"

"ಬಾಯಿ ಸುಳ್ಳು ಹೇಳಲ್ಲ ಕಣೇ," ಎಂದು ಟೈಲರ್ ಮಿಷನ್ ತುಳಿಯತೊಡಗಿದ. ಮಾತು ಮುಗಿಸಬೇಕೆಂದಾಗ ಅವನು ಮಾಡುವುದು ಅದನ್ನೇ. ಮಿಷನ್ ಸದ್ದಿನಲ್ಲಿ ಯಾರ ಮಾತೂ ಕೇಳುವುದಿಲ್ಲ.

ಇದಾದ ಮೇಲೆ ಒಂದು ಸಂಜೆ ಎದುರುಮನೆ ಸಿಸ್ಟರ್ ಬಂದಳು. ಅವಳು ಹಲ್ಲಿನ ಆಸ್ಪತ್ರೆಯಲ್ಲಿ ನರ್ಸ್, ಟೈಲರನ ಹೆಂಡತಿಗೆ ಬಹಳ ದಿನದ ಗೆಳತಿ. ಆಸ್ಪತ್ರೆಯ ಬಿಳಿ ಕೋಟಿನ ತೋಳು ದೊಗಳೆಯಾಗಿತ್ತು, ಬಿಗಿ ಮಾಡಿಸಬೇಕಿತ್ತು. ಹೆಂಡತಿ ಕ್ಯಾರೆಟ್ ಹೆಚ್ಚಿ ತಟ್ಟೆಯಲ್ಲಿ ತಂದಿಟ್ಟಳು. ಟೈಲರ್ ತೋಳಿನ ಅಳತೆ ಹಿಡಿಯುತ್ತಲೇ ತನ್ನ ಸಿದ್ಧಾಂತ ಬಿಚ್ಚಿದ.

"ನೀವು ಹಲ್ಲಿನವರು, ನಿಮಗೆ ಗೊತ್ತಿರತ್ತೆ ಸಿಸ್ಟರ್. ಎಡಚರು ಎಡಗಡೆ ಅಗೀತಾರೆ, ಅಲ್ವಾ?"

ಸಿಸ್ಟರ್ ನಕ್ಕಳು. "ಇದನ್ನ ತಿಳಿದವರು ಹುಡುಕಿ ನೋಡಿದಾರೆ. ಒಂದಿಷ್ಟು ಸಂಬಂಧ ಇರಬಹುದು ಅಂತ ಕೆಲವರು, ಇಲ್ಲವೇ ಇಲ್ಲ ಅಂತ ಕೆಲವರು. ಇದ್ರೂ ಬಹಳ ತೆಳು. ಅಗಿಯೋ ಕಡೆ ನೋಡಿ ಕೈ ಯಾವುದು ಅಂತ ಹೇಳೋಕಾಗಲ್ಲ."

"ನಮ್ಮನೇಲಿ ಹೇಳಬಹುದು," ಎಂದ ಟೈಲರ್.

"ಹಾಗಾದ್ರೆ ನೋಡೇಬಿಡೋಣ. ಎಲ್ಲರೂ ಒಂದೊಂದು ತುಂಡು ತಗೊಳ್ಳಿ. ಯೋಚನೆ ಮಾಡಬೇಡಿ, ಸುಮ್ನೆ ಅಗೀರಿ."

ಅಂಗಡಿಯಲ್ಲಿ ಕೆಲಸ ನಿಂತಿತು. ಇಸ್ತ್ರಿಯವನು ಪೆಟ್ಟಿಗೆ ಎತ್ತಿಟ್ಟು ಮೊದಲು ಬಾಯಿಗೆ ಹಾಕಿಕೊಂಡ. ಅವನು ಬಲಗೈಯವನು, ಅಗಿದದ್ದು ಎಡಗಡೆ.

"ನೀನೂ ಎಡಚನಾ ಹಾಗಾದ್ರೆ?" ಎಂದಳು ಸಿಸ್ಟರ್.

"ನಾನಾ? ಎಡಗೈಲಿ ಗುಂಡಿ ಹಾಕ್ಕೊಳ್ಳೋಕೂ ಬರಲ್ಲ ನಂಗೆ," ಎಂದು ಅವನು ಗಾಬರಿಯಾದ.

ಟೈಲರನ ಹೆಂಡತಿ ಬಲಗೈಯವಳು, ಅಗಿದದ್ದು ಬಲಗಡೆ. ಸಿಸ್ಟರ್ ಕೂಡ ಬಲಗೈಯವಳೇ, "ನಂಗೆ ಎಡಗಡೆ ಅಭ್ಯಾಸ" ಎಂದಳು. ಅಜ್ಜಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹೊರಳಿಸುತ್ತಿದ್ದಳು. "ನನ್ನನ್ನ ಲೆಕ್ಕಕ್ಕೆ ತಗೋಬೇಡಿ. ಎಲ್ಲಿ ಹಲ್ಲಿದೆಯೋ ಅಲ್ಲಿ ನನ್ನ ಊಟ."

"ಅವರಿವರದ್ದು ಬಿಡಿ, ಇಲ್ಲಿ ನೋಡಿ," ಎಂದು ಟೈಲರ್ ಎಡಗಡೆ ಕರಕರ ಅಗಿದು ತೋರಿಸಿದ. "ಎಡಗೈ, ಎಡಬಾಯಿ!"

"ಸರಿ. ಈಗ ಬಲಗಡೆ ಅಗೀರಿ," ಎಂದಳು ಸಿಸ್ಟರ್.

"ಅದಕ್ಕೇನಂತೆ," ಎಂದು ಟೈಲರ್ ಇನ್ನೊಂದು ತುಂಡು ಬಲಗಡೆಗೆ ತಳ್ಳಿದ. ಅದು ಜಾರಿತು. ಮತ್ತೆ ತಳ್ಳಿದ. ಈ ಸಲ ಕೆನ್ನೆಯನ್ನೇ ಕಚ್ಚಿಕೊಂಡು ಅಯ್ಯೋ ಎಂದ. ನಾಲಿಗೆಯಿಂದ ಆ ಕಡೆ ತಡವಿ ನೋಡಿದ. ಅಲ್ಲಿ ಹಲ್ಲೇ ಇರಲಿಲ್ಲ.

"ಯಾವಾಗ ಹೋಯ್ತು ಇದು?" ಎಂದು ಸಿಸ್ಟರ್ ಕೇಳಿದಳು.

ಉತ್ತರ ಅಜ್ಜಿಯಿಂದ ಬಂತು. "ಮದುವೆಗೆ ಮುಂಚೆ ಕೀಳಿಸ್ಕೊಂಡ. ಇಡೀ ಬೀದಿಗೆ ಕೇಳೋ ಹಾಗೆ ಕಿರುಚಿದ್ದ. ಅವತ್ತಿಂದ ಎಡಗಡೆಯೇ ಅಗೀತಾನೆ."

"ಅಮ್ಮಾ! ಅಪ್ಪನೂ ಎಡಗಡೆಯೇ ಅಂದೆಯಲ್ಲ ನೀನು?"

"ಅಂದೆ. ಅವರಿಗೆ ಬಲಗಡೆ ಹಲ್ಲೆಲ್ಲ ಅಲ್ಲಾಡ್ತಿತ್ತು. ಮೆತ್ತಗೆ ಮಾಡಿಹಾಕು, ಮೆತ್ತಗೆ ಮಾಡಿಹಾಕು ಅಂತ ನನ್ನ ಪ್ರಾಣ ತಿಂತಿದ್ರು."

"ಮತ್ತೆ ರಕ್ತ ಗಿಕ್ತ ಅಂದೆ?"

"ನೀನು ಅಷ್ಟು ಖುಷೀಲಿದ್ದೆ. ನಾನ್ಯಾಕೆ ಕೆಡಿಸಲಿ ಅಂತ ಹೂಂಗುಟ್ಟಿದೆ," ಎಂದಳು ಅಜ್ಜಿ, ಸೀರೆಯ ಅಂಚು ಸರಿಮಾಡಿಕೊಳ್ಳುತ್ತ.

ಇಸ್ತ್ರಿಯವನು ಮುಖ ತಿರುಗಿಸಿ ನಕ್ಕ. ಟೈಲರನ ಹೆಂಡತಿ ಮುಖ ತಿರುಗಿಸದೆಯೇ ನಕ್ಕಳು. ಸಿಸ್ಟರ್ ಮಾತ್ರ ನಗಲಿಲ್ಲ. ಅವಳು ಗುಬ್ಬಿಯನ್ನು ನೋಡುತ್ತಿದ್ದಳು. ಎಲ್ಲರ ತುಂಡೂ ಮುಗಿದಿತ್ತು, ಗುಬ್ಬಿಯ ಕೈಯಲ್ಲಿ ಕ್ಯಾರೆಟ್ ಹಾಗೇ ಇತ್ತು.

"ನೀನೂ ತಿನ್ನು ಪುಟ್ಟಿ."

ಗುಬ್ಬಿ ತುಂಡನ್ನು ಎಡಗಡೆ ಇಟ್ಟುಕೊಂಡು ಮೆಲ್ಲಗೆ ಅಗಿದಳು.

"ಜಾಣೆ. ಈಗ ಬಲಗಡೆ?"

ಗುಬ್ಬಿ ಆಗಲ್ಲವೆಂದು ತಲೆಯಾಡಿಸಿದಳು. ಆಮೇಲೆ ಅಪ್ಪನ ಮುಖ ನೋಡಿದಳು.

"ಬಾಯಿ ತೆಗಿ ನೋಡೋಣ. ಆಆ ಅನ್ನು." ಸಿಸ್ಟರ್ ಮೊಬೈಲಿನ ಟಾರ್ಚ್ ಹಾಕಿದಳು. ಬಲಗಡೆ ಕೆಳದವಡೆಯ ಹಿಂದಿನ ಹಲ್ಲಿನಲ್ಲಿ ಕಪ್ಪು ಗುಳಿ. ಸುತ್ತ ಹಳದಿ ಪಾಚಿ. "ಇಲ್ಲಿ ನೋವಾಗತ್ತಾ?"

ಗುಬ್ಬಿ ಬಾಯಿ ಮುಚ್ಚಿಕೊಂಡಳು.

"ಗುಬ್ಬಿ, ಕೇಳ್ತಿದಾರಲ್ಲ," ಎಂದಳು ತಾಯಿ.

"ತಣ್ಣೀರು ಕುಡಿದ್ರೆ ಜುಂ ಅನ್ನತ್ತೆ," ಎಂದಳು ಗುಬ್ಬಿ. "ಅಗಿದ್ರೆ ತುಂಬಾ ನೋವಾಗತ್ತೆ."

"ಯಾವಾಗಿಂದ? ಹೇಳಬಾರದಿತ್ತೇನೇ?"

ಗುಬ್ಬಿ ಸ್ಟೂಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಎಡಗಡೆ ಅಗಿದ್ರೆ ಅಪ್ಪಂಗೆ ಖುಷಿ ಆಗತ್ತೆ."

ಟೈಲರನಿಗೆ ಮಿಷನ್ ತುಳಿಯುವುದೂ ಹೊಳೆಯಲಿಲ್ಲ. ಮಗಳು ಹಲ್ಲು ಕಚ್ಚಿ ನೋವು ಸಹಿಸಿದ್ದಳು, ಅದೂ ತನ್ನ ನಗು ನೋಡುವುದಕ್ಕಾಗಿ. ಆ ನಗುವನ್ನು ನೆನೆದು ಅವನಿಗೆ ನಾಚಿಕೆಯಾಯಿತು.

ಆಮೇಲೆ ಅವನೇ ಸಮಾಧಾನ ಹುಡುಕಿದ. "ಹಾಲುಹಲ್ಲು ತಾನೇ ಸಿಸ್ಟರ್? ಬಿದ್ದು ಹೊಸದು ಬರತ್ತೆ."

"ಎಲ್ಲರೂ ಹೀಗೇ ಅಂದ್ಕೊಂಡು ಮೋಸ ಹೋಗೋದು," ಎಂದಳು ಸಿಸ್ಟರ್. "ಇದು ಹಾಲುಹಲ್ಲಲ್ಲ. ಆರು ವರ್ಷದ ಆಸುಪಾಸಿನಲ್ಲಿ ಹಾಲುಹಲ್ಲುಗಳ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಬರತ್ತೆ. ಯಾವ ಹಲ್ಲೂ ಬೀಳದೆ ಬರೋದ್ರಿಂದ ಯಾರಿಗೂ ಗೊತ್ತೇ ಆಗಲ್ಲ. ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಹೋದ್ರೆ ಇನ್ನೊಂದು ಬರಲ್ಲ. ಹಾಲುಹಲ್ಲೇ ಆಗಿದ್ರೂ ಹುಳುಕಾದ್ರೆ ತೋರಿಸ್ಲೇಬೇಕು, ಮಗೂಗೆ ನೋವು ನೋವೇ ತಾನೇ."

"ಹಾಗಾದ್ರೆ ಇವಳದ್ದೂ ನನ್ನ ಹಾಗೆ ಕೀಳ್ಬೇಕಾ?"

"ನೋಡದೆ ಹೇಳೋಕಾಗಲ್ಲ. ಹುಳುಕು ನರದವರೆಗೂ ಇಳಿದಿದ್ರೆ ಕಷ್ಟ. ಇಳಿದಿಲ್ಲ ಅಂದ್ರೆ ಉಳಿಸಬಹುದು. ನಾಳೆನೇ ಕರ್ಕೊಂಡು ಬನ್ನಿ, ಮುಂದೂಡಬೇಡಿ."

ಅಜ್ಜಿ ನಡುವೆ ಬಾಯಿ ಹಾಕಿದಳು. "ಬೇಡಪ್ಪ, ಹಲ್ಲು ಮುಟ್ಟಿಸಿದ್ರೆ ಕಣ್ಣಿಗೆ ತೊಂದರೆ ಅಂತಾರೆ. ಹೆಣ್ಣುಮಗು ಬೇರೆ."

"ಅಜ್ಜಿ, ಹಲ್ಲಿನ ಚಿಕಿತ್ಸೆಯಿಂದ ಕಣ್ಣು ಹೋಗಲ್ಲ. ನಿಮ್ಮ ಮಗ ಹಲ್ಲು ಕೀಳಿಸ್ಕೊಂಡ್ರಲ್ಲ, ಸೂಜಿಗೆ ದಾರ ಪೋಣಿಸ್ತಿಲ್ವಾ?"

ಅಜ್ಜಿ ಮಗನ ಕಣ್ಣು ನೋಡಿದಳು, ಸೂಜಿ ನೋಡಿದಳು. "ಅದೂ ನಿಜವೇ," ಎಂದಳು.

ಮರುದಿನ ಬೆಳಿಗ್ಗೆ ಟೈಲರ್ ಅಂಗಡಿಯ ಬಾಗಿಲು ಅರ್ಧ ಎಳೆದು ಮಗಳ ಕೈ ಹಿಡಿದು ಹಲ್ಲಿನ ಆಸ್ಪತ್ರೆಗೆ ಹೊರಟ. ದಾರಿಯುದ್ದಕ್ಕೂ ಅವಳಿಗಿಂತ ಅವನಿಗೇ ಹೆಚ್ಚು ಹೆದರಿಕೆ. ಡಾಕ್ಟರಮ್ಮ ಗುಬ್ಬಿಯನ್ನು ಕುರ್ಚಿಯಲ್ಲಿ ಒರಗಿಸಿ, ಚಿಕ್ಕ ಕನ್ನಡಿ ಹಿಡಿದು ನೋಡಿದರು, ಎಕ್ಸ್-ರೇ ತೆಗೆಸಿದರು. ಅವರು ಅದನ್ನು ಬೆಳಕಿಗೆ ಹಿಡಿದು ನೋಡುವಷ್ಟು ಹೊತ್ತು ಟೈಲರ್ ಕೊರಳಲ್ಲೇ ಉಳಿದಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತ ನಿಂತಿದ್ದ.

"ನರ ಮುಟ್ಟಿಲ್ಲ. ಹತ್ತಿರಕ್ಕೆ ಹೋಗಿದೆ. ಇನ್ನಷ್ಟು ದಿನ ಬಿಟ್ಟಿದ್ರೆ ಬೇರೆ ಮಾತು ಆಡಬೇಕಾಗ್ತಿತ್ತು," ಎಂದರು. ಹಲ್ಲಿನ ಸುತ್ತ ಮರಗಟ್ಟಿಸಿ, ಹುಳುಕು ತೆಗೆದು, ಗುಳಿ ತುಂಬಿದರು. ಕಿರುಚಾಟ ಏನೂ ಆಗಲಿಲ್ಲ. ಗುಬ್ಬಿ ಅಪ್ಪನ ಹೆಬ್ಬೆರಳು ಹಿಡಿದುಕೊಂಡಿದ್ದಳು ಅಷ್ಟೆ.

"ಒಂದು ಕಡೆ ಜಾಸ್ತಿ ಅಗಿಯೋದು ಬಹಳ ಜನಕ್ಕೆ ಅಭ್ಯಾಸ, ಅದಕ್ಕೆ ಗಾಬರಿ ಬೇಡ," ಎಂದು ಡಾಕ್ಟರಮ್ಮ ಹೇಳಿದರು. "ಆದ್ರೆ ಇದ್ದಕ್ಕಿದ್ದ ಹಾಗೆ ಕಡೆ ಬದಲಾಯ್ತು, ಅಥವಾ ಇನ್ನೊಂದು ಕಡೆ ಅಗಿಯೋಕೇ ಆಗಲ್ಲ ಅಂದ್ರೆ, ಅಲ್ಲಿ ಏನೋ ಇದೆ ಅಂತ ಅರ್ಥ. ಹುಳುಕು, ಒಸಡಿನ ಊತ, ಅಲ್ಲಾಡೋ ಹಲ್ಲು, ಇಲ್ಲದ ಹಲ್ಲು. ಅಗಿಯದ ಕಡೆ ಪಾಚಿಯೂ ಬೇಗ ಕಟ್ಟತ್ತೆ. ಅದಕ್ಕೆ ಬೆಳಿಗ್ಗೆ, ರಾತ್ರಿ ಮಲಗೋ ಮುಂಚೆ, ಎರಡು ಹೊತ್ತೂ ಎರಡೂ ಕಡೆ ಉಜ್ಜಬೇಕು. ಚಿಕ್ಕ ಮಕ್ಕಳಿಗೆ ಹಿಂದಿನ ಹಲ್ಲು ಎಟುಕಲ್ಲ, ನೀವೇ ಉಜ್ಜಿಸಿ. ಈಗ ನೀವು ಕೂತ್ಕೊಳ್ಳಿ, ನಿಮ್ಮ ಬಾಯೀನೂ ನೋಡೋಣ."

"ನಂಗೇನೂ ನೋವಿಲ್ಲ ಡಾಕ್ಟ್ರೇ," ಎಂದು ಟೈಲರ್ ಬಾಗಿಲ ಕಡೆ ಸರಿದ.

"ಅಪ್ಪ, ಕೂತ್ಕೋ. ನಾನು ಕೈ ಹಿಡ್ಕೋತೀನಿ," ಎಂದಳು ಗುಬ್ಬಿ.

ಕೂರದೆ ವಿಧಿ ಇರಲಿಲ್ಲ. ಹಲ್ಲು ಹೋದ ಜಾಗ ಖಾಲಿ ಬಿಟ್ಟಿದ್ದರಿಂದ ಪಕ್ಕದ ಹಲ್ಲು ಅತ್ತ ವಾಲಿತ್ತು. ಬಲಗಡೆಯೆಲ್ಲ ಗಟ್ಟಿ ಪಾಚಿ. ಅದನ್ನು ತೆಗೆಸಿಕೊಂಡು, ಖಾಲಿ ಜಾಗಕ್ಕೆ ಏನು ಮಾಡಬಹುದೆಂದು ಕೇಳಿಕೊಂಡು ಬಂದ. ಹಲ್ಲಿನಿಂದ ನೂಲು ಕಚ್ಚುವುದನ್ನು ಬಿಡಿ ಎಂದು ಡಾಕ್ಟರಮ್ಮ ಹೇಳಿದರು. "ಕೊರಳಲ್ಲಿ ಟೇಪು, ಕೈಲಿ ಕತ್ತರಿ, ಆದ್ರೂ ಹಲ್ಲೇ ಬೇಕಾ?" ಎಂದು ಕೇಳಿದರು.

ಕೆಲವು ದಿನಗಳಲ್ಲಿ ಗುಬ್ಬಿಯ ತಟ್ಟೆ ಬೇಗ ಖಾಲಿಯಾಗತೊಡಗಿತು. ಕ್ಯಾರೆಟ್ ಎರಡೂ ಕಡೆ ಕರಕರ ಎಂದಿತು. ಪೆನ್ಸಿಲ್ ಬಲಗೈಗೆ ವಾಪಸಾಯಿತು, ಅಕ್ಷರಗಳು ಎದ್ದು ಸಾಲಾಗಿ ನಿಂತವು. ಎಡಗೈ ಕತ್ತರಿಯನ್ನು ಟೈಲರ್ ಮೊಳೆಗೆ ತೂಗುಹಾಕಿದ. ಅವನಿಗೆ ಸ್ವಲ್ಪ ಬೇಸರವಾಯಿತು, ಆಗಲಿಲ್ಲ ಎಂದರೆ ಸುಳ್ಳು.

ಎಲ್ಲ ಸರಿಹೋಯಿತು ಎಂದುಕೊಂಡರು. ಆದರೆ ಗುಬ್ಬಿ ಅಂಗಡಿಗೆ ಬರುವುದನ್ನು ನಿಲ್ಲಿಸಿದ್ದಳು. ಒಂದು ದಿನ ಟೈಲರ್ ತಲೆಯೆತ್ತಿದಾಗ ಅವಳು ಮೊದಲಿನ ಹಾಗೆ ಪರದೆಯ ಅಂಚು ಹಿಡಿದು ಇಣುಕುತ್ತಿದ್ದಳು.

"ಯಾಕೆ ಅಲ್ಲೇ ನಿಂತೆ? ಬಾ."

"ನಾನು ಬಲಗೈಯೋಳು," ಎಂದಳು ಗುಬ್ಬಿ.

ಟೈಲರ್ ಮಿಷನ್ ನಿಲ್ಲಿಸಿದ. ಎದ್ದು ಮೇಜಿನ ಹತ್ತಿರ ಬಂದ. ಸ್ಟೂಲು ಒಂದು ಮೂಲೆ ಸೇರಿತ್ತು, ಅದರ ಮೇಲೆ ಯಾರೋ ಬಟ್ಟೆ ಪೇರಿಸಿದ್ದರು. ಬಟ್ಟೆ ಎತ್ತಿಟ್ಟು ಸ್ಟೂಲನ್ನು ಮೇಜಿನ ಹತ್ತಿರ, ತನ್ನ ಬಲಪಕ್ಕಕ್ಕೆ ಹಾಕಿದ.

"ನಾನು ಎಲ್ಲಿ ನಿಲ್ಲೋದು?"

"ಎಡತುದೀಲಿ."

"ನನ್ನ ಮೊಣಕೈ ಯಾವ ಕಡೆ ಓಡಾಡತ್ತೆ?"

"ಆ ಕಡೆ," ಎಂದು ಅವಳು ಗೋಡೆ ತೋರಿಸಿದಳು.

"ನೀನಿಲ್ಲಿ ಕೂತ್ರೆ ನಿನ್ನದು?"

ಗುಬ್ಬಿ ಬಲಗೈ ಎತ್ತಿ ಆಡಿಸಿ ನೋಡಿದಳು. "ಈ ಕಡೆ. ನಿಂಗೆ ತಾಗಲ್ಲ!"

"ನನ್ನ ಪಕ್ಕಕ್ಕೆ ಬೇಕಾಗಿದ್ದದ್ದೇ ಬಲಗೈಯೋರು. ಇಸ್ತ್ರಿಯವನನ್ನ ಕೇಳು ಬೇಕಾದ್ರೆ."

"ಸುಟ್ಟ ಷರಟನ್ನ ಕೇಳಿದ್ರೂ ಹೇಳತ್ತೆ," ಎಂದ ಇಸ್ತ್ರಿಯವನು.

ಟೈಲರ್ ಡ್ರಾಯರಿನಿಂದ ಹೆಂಡತಿಯ ಚಿಕ್ಕ ಕತ್ತರಿ ತೆಗೆದು ಮಗಳ ಬಲಗೈಗೆ ಕೊಟ್ಟ. ಚಾಕ್‌ಪೀಸಿನಲ್ಲಿ ಒಂದು ಗೆರೆ ಎಳೆದ. ಗುಬ್ಬಿ ತುಟಿ ಬಿಗಿದುಕೊಂಡು ಕತ್ತರಿಸಿದಳು. ಗೆರೆಯ ಮೇಲೇ ಹೋಯಿತು. ಅಪ್ಪ ನಕ್ಕ. ಈ ಸಲ ಆ ನಗುವಿಗಾಗಿ ಅವಳು ಏನನ್ನೂ ಮುಚ್ಚಿಡಬೇಕಾಗಿರಲಿಲ್ಲ.

ಓದುತ್ತಿರುವವರೇ, ಕೇಳುತ್ತಿರುವವರೇ, ಈಗ ನಿಮ್ಮ ಸರದಿ. ಇವತ್ತು ಊಟಕ್ಕೆ ಕೂತಾಗ ನೀವು ಯಾವ ಕಡೆ ಅಗಿಯುತ್ತೀರಿ ನೋಡಿಕೊಳ್ಳಿ. ಇನ್ನೊಂದು ಕಡೆ ಅಗಿದು ನೋಡಿ. ಆಗದಿದ್ದರೆ ಎಡಚ, ಬಲಚ ಎಂದು ಕಾರಣ ಹುಡುಕುತ್ತ ಕೂರಬೇಡಿ, ಹಲ್ಲಿನ ಡಾಕ್ಟರಿಗೆ ತೋರಿಸಿ. ಮಗುವಿನ ಕೈ ಯಾವುದೋ ಅದನ್ನೇ ಇರಗೊಡಿ, ಬದಲಾಯಿಸಲು ಹೋಗಬೇಡಿ. ಆರೇಳು ವರ್ಷದ ಮಕ್ಕಳಿದ್ದರೆ ಬೆಳಕಿನಲ್ಲಿ ಬಾಯಿ ತೆಗೆಸಿ ಹಿಂದಿನ ದವಡೆ ಹಲ್ಲು ನೋಡಿ. ನೋವಾಗುತ್ತದಾ ಎಂದು ಕೇಳಿ. ಕೇಳುವಾಗ ಹುಬ್ಬು ಗಂಟಿಕ್ಕಬೇಡಿ, ನಿಮಗೆ ಬೇಕಾದ ಉತ್ತರವನ್ನು ಮುಖದ ಮೇಲೆ ಇಟ್ಟುಕೊಂಡು ಕೇಳಲೂ ಬೇಡಿ. ಮಕ್ಕಳು ಮೊದಲು ನಮ್ಮ ಮುಖ ನೋಡುತ್ತಾರೆ, ಆಮೇಲೆ ಬಾಯಿ ತೆಗೆಯುತ್ತಾರೆ.